ಡೇನಿಯಲ್ ಬೂನ್‌ನ ಅಜ್ಜ, ನೇಕಾರ ಜಾರ್ಜ್ ಬೂನ್: ಕ್ವೇಕರ್ ಕಡತ ಓದಿದವರು ಯಾರಾದ್ರೂ ಇದ್ದೀರಾ?

ಬರ್ಕ್ಸ್_ಕನ್ನಡತಿ:
ಎಲ್ಲರಿಗೂ ನಮಸ್ಕಾರ. ನಾನಿರೋದು ಪೆನ್ಸಿಲ್ವೇನಿಯಾದ ಬರ್ಕ್ಸ್ ಕೌಂಟಿಯಲ್ಲಿ. ಮನೆಯಿಂದ ಕಾರಲ್ಲಿ ಹದಿನೈದು ನಿಮಿಷ ಹೋದರೆ ಡೇನಿಯಲ್ ಬೂನ್ ಹುಟ್ಟಿದ ಜಾಗ. ಕೆಂಟಕಿ ಕಾಡಿಗೆ ದಾರಿ ಮಾಡಿದವನು ಅಂತ ಇಲ್ಲಿ ಶಾಲೆ ಮಕ್ಕಳಿಗೂ ಗೊತ್ತಿರೋ ಹೆಸರು. ಊರಿಂದ ಅಪ್ಪ ಬಂದಿದ್ದಾರೆ, ತೋರಿಸೋಣ ಅಂತ ಕರಕೊಂಡು ಹೋಗಿದ್ದೆ. ಅಪ್ಪ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಬೂನ್‌ನ ಬಂದೂಕು, ಬೇಟೆ ಯಾವುದೂ ಅವರ ತಲೆಗೆ ಹೋಗಲಿಲ್ಲ. "ಇವನ ಅಜ್ಜ ಇಂಗ್ಲೆಂಡಿಂದ ಬಂದ ಅಂತ ಬೋರ್ಡ್ ಹಾಕಿದ್ದಾರಲ್ಲ, ಅದಕ್ಕೆ ಕಾಗದ ಏನಿದೆ?" ಅಂತ ಒಂದೇ ಪ್ರಶ್ನೆ. ಅಲ್ಲಿಂದ ಶುರುವಾದ ಹುಚ್ಚು ಇದು.

ಇಲ್ಲಿಯವರೆಗೆ ಕೂಡಿಹಾಕಿದ್ದು ಇಷ್ಟು. ಜಾರ್ಜ್ ಬೂನ್ 1666ರಲ್ಲಿ ಇಂಗ್ಲೆಂಡಿನ ಡೆವನ್ ಸೀಮೆಯ ಎಕ್ಸೆಟರ್ ಹತ್ತಿರದ ಸ್ಟೋಕ್ ಅನ್ನೋ ಹಳ್ಳಿಯಲ್ಲಿ ಹುಟ್ಟಿದ. ಅಪ್ಪ ಕಮ್ಮಾರ, ಇವನು ಹಿಡಿದದ್ದು ಮಗ್ಗ. ಸಂಸಾರ ಹೂಡಿದ್ದು ಬ್ರಾಡ್ನಿಂಚ್ ಅನ್ನೋ ಊರಲ್ಲಿ, ಹೆಂಡತಿ ಮೇರಿ ಮಾಗ್ರಿಜ್. ಕ್ವೇಕರ್ ಅನ್ನೋ ಕ್ರೈಸ್ತ ಪಂಥದವರು. ದೊಡ್ಡ ಮಕ್ಕಳು ಜಾರ್ಜ್, ಸಾರಾ, ಸ್ಕ್ವೈರ್ ಮೂವರನ್ನೂ ಮೊದಲೇ ಅಮೆರಿಕಕ್ಕೆ ಕಳಿಸಿ, ಆಮೇಲೆ 1717ರ ಆಗಸ್ಟ್ 17ಕ್ಕೆ ಉಳಿದ ಮಕ್ಕಳನ್ನ ಕಟ್ಟಿಕೊಂಡು ಊರು ಬಿಟ್ಟು, ಬ್ರಿಸ್ಟಲ್‌ನಲ್ಲಿ ಹಡಗು ಹತ್ತಿ, ಸೆಪ್ಟೆಂಬರ್ 29ಕ್ಕೆ ಫಿಲಡೆಲ್ಫಿಯಾ ತಲುಪಿದರು. ಮಗ ಸ್ಕ್ವೈರ್ 1720ರ ಜುಲೈ 23ಕ್ಕೆ ಸಾರಾ ಮಾರ್ಗನ್ ಅನ್ನೋ ವೆಲ್ಶ್ ಮೂಲದ ಕ್ವೇಕರ್ ಹುಡುಗಿಯನ್ನ ಮದುವೆಯಾದ. ಅವರ 11 ಮಕ್ಕಳಲ್ಲಿ ಆರನೆಯವನೇ ಡೇನಿಯಲ್.

ಗೊಂದಲ ಆಗ್ತಿರೋದು ಇಲ್ಲಿ. ಮದುವೆ ದಿನಾಂಕ ಕೆಲವು ವಂಶವೃಕ್ಷದಲ್ಲಿ ಜುಲೈ 23, ಕೆಲವದರಲ್ಲಿ ಸೆಪ್ಟೆಂಬರ್ 23. ಸ್ಕ್ವೈರ್ ಅಂದ್ರೆ ಜಮೀನ್ದಾರ ಅಲ್ವಾ, ನೇಕಾರನ ಮಗನಿಗೆ ಆ ಬಿರುದು ಎಲ್ಲಿಂದ ಬಂತು? ಮತ್ತೆ 1748ರಲ್ಲಿ ಇವರದೇ ಜನ ಸ್ಕ್ವೈರ್‌ಗೆ ಬಹಿಷ್ಕಾರ ಹಾಕಿದರಂತೆ, ಯಾಕೆ?

ಸುಮ್ನೆ_ಓದುಗ:
ಎರಡು ಸಲ ಮದುವೆ ಆಗಿರ್ಬೇಕು ಬಿಡಿ. ಒಂದು ಊರಲ್ಲಿ, ಒಂದು ಛತ್ರದಲ್ಲಿ.

ಹಳೇಕಡತ:
ನಕ್ಕೆ. ಆದರೆ ಮದುವೆ ಒಂದೇ, ಮೇಡಂ. ಎರಡು ದಿನಾಂಕಕ್ಕೂ ಮೂಲ ಒಂದೇ ಸಾಲು: "ಏಳನೇ ತಿಂಗಳ ಇಪ್ಪತ್ಮೂರನೇ ದಿನ."

ಕ್ವೇಕರ್‌ಗಳು ತಿಂಗಳಿಗೂ ವಾರಕ್ಕೂ ಹೆಸರು ಹೇಳುತ್ತಿರಲಿಲ್ಲ. ಜನವರಿ ಅಂದರೆ ಜೇನಸ್ ದೇವರು, ಮಾರ್ಚ್ ಅಂದರೆ ಮಾರ್ಸ್. ಅನ್ಯದೇವರ ಹೆಸರು ಬಾಯಲ್ಲಿ ಬರಬಾರದು ಅಂತ ಬರೀ ಸಂಖ್ಯೆ. ಭಾನುವಾರ ಒಂದನೇ ದಿನ. ಇದರ ಮೇಲೆ ಇನ್ನೊಂದು ತೊಡಕು. 1752ರವರೆಗೆ ಇಂಗ್ಲಿಷರ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಅವರ ಎಣಿಕೆಯಲ್ಲಿ ಮಾರ್ಚ್ ಒಂದನೇ ತಿಂಗಳು, ಹಾಗಾಗಿ ಏಳನೆಯದು ಸೆಪ್ಟೆಂಬರ್. ನಮಗೆ ಇದು ನೆನಪಿಟ್ಟುಕೊಳ್ಳೋದು ಸುಲಭ. ಸೆಪ್ಟೆಂಬರ್‌ನಲ್ಲಿ ಸಪ್ತ, ಅಕ್ಟೋಬರ್‌ನಲ್ಲಿ ಅಷ್ಟ, ನವೆಂಬರ್‌ನಲ್ಲಿ ನವ, ಡಿಸೆಂಬರ್‌ನಲ್ಲಿ ದಶ ಕೂತಿವೆ. ಈಗಿನ ಲೆಕ್ಕದಲ್ಲಿ ಏಳನೇ ತಿಂಗಳು ಅಂತ ಓದಿದವರು ಜುಲೈ ಅಂತ ಬರೆದುಕೊಂಡರು, ಅದನ್ನು ನೋಡಿದವರು ನಕಲು ಹೊಡೆದರು.

ಅಜ್ಜಿ ಮೇರಿ ತೀರಿಕೊಂಡ ದಿನಾಂಕ ಫೆಬ್ರವರಿ 2, 1740-41 ಅಂತ ಎರಡು ವರ್ಷ ಒಟ್ಟಿಗೆ ಕಾಣಿಸಿದರೆ ಗಾಬರಿ ಬೇಡ. ಆಗಿನ ಲೆಕ್ಕಕ್ಕೆ ಇನ್ನೂ 1740, ಈಗಿನ ಲೆಕ್ಕಕ್ಕೆ 1741. ಡೇನಿಯಲ್ ಹುಟ್ಟಿದ ದಿನದ್ದೂ ಇದೇ ಥರದ ಕಥೆ: ಹಳೇ ಪಂಚಾಂಗಕ್ಕೆ 1734ರ ಅಕ್ಟೋಬರ್ 22, ಹೊಸದಕ್ಕೆ ನವೆಂಬರ್ 2. ನಡುವಿನ 11 ದಿನವನ್ನು 1752ರ ಸೆಪ್ಟೆಂಬರ್‌ನಲ್ಲಿ ಬ್ರಿಟಿಷ್ ಸರ್ಕಾರ ನುಂಗಿಹಾಕಿತು. 2ನೇ ತಾರೀಖು ಮಲಗಿದವರು ಎದ್ದಾಗ 14.

ಸ್ಕ್ವೈರ್ ಅನ್ನೋದು ಬಿರುದಲ್ಲ, ಇಟ್ಟ ಹೆಸರು. ಅವನ ಒಬ್ಬ ಮಗನಿಗೂ ಅದೇ ಹೆಸರು ಇಟ್ಟಿದ್ದಾರೆ, ಅಲ್ಲಿ ಇನ್ನೊಂದು ಸುತ್ತು ಗೊಂದಲ.

ಧಾರವಾಡ_ಪೇಡೆ:
ಛಲೋ ವಿಷಯ ಎತ್ತೀರಿ ಅಕ್ಕಾರ. ನನಗೊಂದು ಸಂಶಯ ಅದ. ಇಂಗ್ಲೆಂಡಿನ್ಯಾಗ ಕ್ವೇಕರ್ ಮಂದೀನ ಜೇಲಿಗೆ ಹಾಕ್ತಿದ್ರು, ಅದಕ್ಕ ಓಡಿ ಬಂದ್ರು ಅಂತ ಎಲ್ಲಾರೂ ಬರೀತಾರ. ಆದ್ರ 1717ರಾಗ ಯಾರು ಜೇಲಿಗೆ ಹಾಕ್ತಿದ್ರು? 1689ಕ್ಕ ಸಹಿಷ್ಣುತಾ ಕಾಯ್ದೆ ಬಂದಿತ್ತಲ್ಲ? ಐವತ್ತು ದಾಟಿದ ಮನಷ್ಯಾ ಮಗ್ಗ ಮಾರಿ ಸಮುದ್ರ ದಾಟ್ತಾನಂದ್ರ ಬರೇ ದೇವರ ಸಲುವಾಗಿ ಇರಲಿಕ್ಕಿಲ್ಲ.

ಹಳೇಕಡತ:
ಸರಿಯಾದ ಜಾಗದಲ್ಲಿ ಕೈ ಇಟ್ಟಿರಿ. ಮೊದಲ ಅಲೆ ಬಂದದ್ದು ಹಿಂಸೆಯಿಂದ ತಪ್ಪಿಸಿಕೊಳ್ಳಲು, ಅದು ನಿಜ. ವಿಲಿಯಂ ಪೆನ್ ಅಂತ ಒಬ್ಬ ಕ್ವೇಕರ್, ಅವರಪ್ಪ ಅಡ್ಮಿರಲ್‌ಗೆ ರಾಜ ಕೊಡಬೇಕಿದ್ದ ಸಾಲ 16,000 ಪೌಂಡ್. ಅದರ ಬದಲಿಗೆ 1681ರಲ್ಲಿ ಎರಡನೇ ಚಾರ್ಲ್ಸ್ ಕೊಟ್ಟದ್ದು ಪೆನ್ಸಿಲ್ವೇನಿಯಾ. ಬೂನ್ ಬಂದದ್ದು ಅದಾಗಿ 36 ವರ್ಷಕ್ಕೆ. ಆ ಹೊತ್ತಿಗೆ ಸೆಳೆತ ಜಮೀನಿನದೇ ಹೆಚ್ಚು. ಬಂದ ಮರುವರ್ಷವೇ, 1718ರಲ್ಲಿ, ಈಗ ನಿಮ್ಮ ಬರ್ಕ್ಸ್ ಕೌಂಟಿಯಲ್ಲಿರೋ ಓಲಿ ಕಣಿವೆಯಲ್ಲಿ 400 ಎಕರೆಗೆ ಹಕ್ಕುಪತ್ರ ಮಾಡಿಸಿಕೊಂಡ. ಬ್ರಾಡ್ನಿಂಚ್‌ನ ನೇಕಾರನಿಗೆ ಏಳು ಜನ್ಮಕ್ಕೂ 400 ಎಕರೆ ಸಿಗುತ್ತಿರಲಿಲ್ಲ. ಮೊದಲು ಮರದ ದಿಮ್ಮಿಯ ಮನೆ, 1733ಕ್ಕೆ ಕಲ್ಲಿನ ಮನೆ.

ಮತ್ತೆ ಮೂವರು ಮಕ್ಕಳನ್ನು ಮುಂಚೆ ಕಳಿಸಿದ್ದು ಯಾಕೆ? "ಹೋಗಿ ನೋಡಿಕೊಂಡು ಕಾಗದ ಬರೆಯಿರಿ" ಅಂತ. ಭಕ್ತಿಯ ಜೊತೆ ಲೆಕ್ಕಾಚಾರವೂ ಇತ್ತು.

ಬರ್ಕ್ಸ್_ಕನ್ನಡತಿ:
ಹಳೇಕಡತ ಸರ್, ತುಂಬಾ ಧನ್ಯವಾದ. ಅಪ್ಪನಿಗೆ ಓದಿ ಹೇಳಿದೆ. ಸಪ್ತ ಅಷ್ಟ ಕೇಳಿ ಖುಷಿಯಾದರು, ಆಮೇಲೆ ಮತ್ತೆ ಅದೇ ರಾಗ: "ಬಂದದ್ದಕ್ಕೆ ಕಾಗದ?"

ಹಳೇಕಡತ:
ಅಪ್ಪನವರಿಗೆ ಹೇಳಿ, ಕಾಗದ ಇದೆ. ಕ್ವೇಕರ್‌ಗಳಲ್ಲಿ ಒಂದು ಪದ್ಧತಿ. ಪಾದ್ರಿ ಇಲ್ಲ, ಆಣೆ ಪ್ರಮಾಣ ಇಲ್ಲ, ಬ್ಯಾಪ್ಟಿಸಂ ಇಲ್ಲ. ಹಾಗಾಗಿ ಚರ್ಚಿನ ರಿಜಿಸ್ಟರಿನಲ್ಲಿ ಇವರು ಸಿಗೋದಿಲ್ಲ. ಆದರೆ ತಿಂಗಳಿಗೊಮ್ಮೆ ಕೂಡುವ ಸಭೆ ಇರುತ್ತಿತ್ತು, ಮಾಸಿಕ ಮೀಟಿಂಗ್ ಅಂತ. ಗಂಡಸರದು ಬೇರೆ, ಹೆಂಗಸರದು ಬೇರೆ. ಎರಡಕ್ಕೂ ನಡಾವಳಿ ಪುಸ್ತಕ. ಒಂದು ಊರು ಬಿಟ್ಟು ಇನ್ನೊಂದು ಊರಿಗೆ ಹೋಗುವವರು ಹಳೇ ಮೀಟಿಂಗ್‌ನಿಂದ ಪತ್ರ ತರಬೇಕು: ಇವರ ನಡತೆ ಸರಿ ಇದೆ, ಸಾಲ ಉಳಿಸಿಕೊಂಡಿಲ್ಲ, ಮದುವೆ ಗೊತ್ತಾಗಿ ಕೈಕೊಟ್ಟು ಬಂದಿಲ್ಲ ಅಂತ. ಶಾಲೆಯಿಂದ ತರುವ ಟಿ.ಸಿ. ಥರ ಅಂದುಕೊಳ್ಳಿ.

1717ರ ಕೊನೆಗೆ ಪೆನ್ಸಿಲ್ವೇನಿಯಾದ ಗ್ವಿನೆಡ್ ಮೀಟಿಂಗ್ ನಡಾವಳಿಯಲ್ಲಿ ಸಾಲು ಇದೆ. ಹಿರಿಯ ಜಾರ್ಜ್ ಬೂನ್ ಇಂಗ್ಲೆಂಡಿನ ಕಲಂಪ್ಟನ್ ಮಾಸಿಕ ಮೀಟಿಂಗ್‌ನಿಂದ ತನ್ನ ಒಳ್ಳೆ ನಡತೆಯ ಪತ್ರ ಹಾಜರುಪಡಿಸಿದ, ಅದನ್ನು ಓದಿ ಒಪ್ಪಿಕೊಳ್ಳಲಾಯಿತು ಅಂತ. ಕಲಂಪ್ಟನ್ ಅಂದರೆ ಬ್ರಾಡ್ನಿಂಚ್‌ನ ಪಕ್ಕದ ಊರು. ಸಾಗರದ ಆ ದಡಕ್ಕೂ ಈ ದಡಕ್ಕೂ ಗಂಟು ಹಾಕೋದು ಈ ಒಂದು ಸಾಲು.

ಸ್ವಾರಸ್ಯ ಅಂದರೆ ಮೂರೇ ವರ್ಷಕ್ಕೆ ಇದೇ ಒಳ್ಳೆ ನಡತೆಯ ಮುದುಕ ಅದೇ ಸಭೆಯಲ್ಲಿ ಎದ್ದು ನಿಂತು ತಪ್ಪೊಪ್ಪಿಕೊಂಡಿದ್ದಾನೆ. ಜಾನ್ ವೆಬ್ ಅನ್ನೋನು ತನ್ನ ಮಗಳ ಜೊತೆ ಮದುವೆಯ ಉದ್ದೇಶದಿಂದ ಓಡಾಡೋಕೆ ತಾನು ಆತುರಪಟ್ಟು ಒಪ್ಪಿಗೆ ಕೊಟ್ಟೆ, ಅದು ನಮ್ಮ ಕ್ರಮಕ್ಕೆ ವಿರುದ್ಧ ಅಂತ. ಅದೂ 1720ರಲ್ಲೇ, ಮಗ ಸ್ಕ್ವೈರ್ ಕ್ರಮಬದ್ಧವಾಗಿ ಮದುವೆಯಾದ ವರ್ಷವೇ.

ನೂಲೆಳೆ:
ಓದುತ್ತಾ ಹೋದೆ, ಒಂದು ಮಾತು ಸೇರಿಸಲೇ. ಸ್ಕ್ವೈರ್ ಬೂನ್ ಕೂಡ ನೇಕಾರನೇ, ಜೊತೆಗೆ ಕಮ್ಮಾರಿಕೆ. ಅಂದರೆ ತಾತನ ಕುಲುಮೆ, ಅಪ್ಪನ ಮಗ್ಗ ಎರಡೂ ಓಲಿ ಕಣಿವೆಯ ಒಂದೇ ಅಂಗಳಕ್ಕೆ ಬಂದವು. ನಮ್ಮ ಮನೆಯಲ್ಲಿ ಮೂರು ತಲೆಮಾರು ಮಗ್ಗ ಇತ್ತು, ಹಾಗಾಗಿ ಇಂಥದ್ದು ಕಣ್ಣಿಗೆ ಬೀಳುತ್ತದೆ. ಡೇನಿಯಲ್‌ನ ಬಂದೂಕಿನ ಬಗ್ಗೆ ಇಷ್ಟು ಬರೆಯುವವರು ಆ ಮಗ್ಗದಲ್ಲಿ ಏನು ನೇಯ್ದರು ಅಂತ ಒಂದು ಸಾಲು ಬರೆಯೋದಿಲ್ಲ.

ಸುಮ್ನೆ_ಓದುಗ:
ಬಹಿಷ್ಕಾರದ ವಿಷ್ಯಕ್ಕೆ ಬನ್ನಿ ಸರ್, ಅದಕ್ಕೇ ಕಾಯ್ತಿದೀನಿ.

ಹಳೇಕಡತ:
ಬರ್ತೀನಿ. ಎರಡು ಮದುವೆ, ಎರಡು ಬೇರೆ ಬೇರೆ ಉತ್ತರ.

1742ರಲ್ಲಿ ಸ್ಕ್ವೈರ್‌ನ ದೊಡ್ಡ ಮಗಳು ಸಾರಾ, ಜಾನ್ ವಿಲ್ಕಾಕ್ಸನ್ ಅನ್ನೋ ಹೊರಗಿನವನನ್ನು ಮದುವೆಯಾದಳು. ಕ್ವೇಕರ್ ಮದುವೆ ಅಂದರೆ ಹುಡುಗ ಹುಡುಗಿ ಇಬ್ಬರೂ ಎರಡು ಮಾಸಿಕ ಸಭೆಯಲ್ಲಿ ತಮ್ಮ ಉದ್ದೇಶ ಹೇಳಬೇಕು, ಬೇರೆ ಗಂಟು ಇಲ್ಲ ಅಂತ ಸಮಿತಿ ವಿಚಾರಿಸಬೇಕು, ಆಮೇಲೆ ಮೌನದ ಕೂಟದಲ್ಲಿ ಎದ್ದು ನಿಂತು ತಾವೇ ಮಾತು ಕೊಡಬೇಕು, ಬಂದವರೆಲ್ಲ ಪತ್ರಕ್ಕೆ ಸಹಿ ಹಾಕಬೇಕು. ಸಾರಾ ಇದ್ಯಾವುದನ್ನೂ ಮಾಡಲಿಲ್ಲ, ಮದುವೆ ಹೊತ್ತಿಗೆ ಬಸುರಿ. ಮೀಟಿಂಗ್‌ನವರು ಮನೆಗೆ ಬಂದು ಕೇಳಿದಾಗ ಅಪ್ಪ ಸ್ಕ್ವೈರ್ ಹೇಳಿದ್ದು: ತಾನು ಇಕ್ಕಟ್ಟಿನಲ್ಲಿದ್ದೆ, ಇಬ್ಬರೂ ಮೊದಲೇ ಕೈಮೀರಿ ಹೋಗಿದ್ದು ಸ್ವಲ್ಪ ಗೊತ್ತಿತ್ತು, ಏನು ಮಾಡಬೇಕೋ ತೋಚಲಿಲ್ಲ, ತಪ್ಪಾಯಿತು, ಮುಂದೆ ಹುಷಾರಾಗಿರುತ್ತೇನೆ. ಸಭೆ ಒಪ್ಪಿಕೊಂಡಿತು.

1747ರಲ್ಲಿ ದೊಡ್ಡ ಮಗ ಇಸ್ರೇಲ್‌ನ ಸರದಿ. ಅವನೂ ಹೊರಗಿನ ಹುಡುಗಿಯನ್ನು ಮದುವೆಯಾದ, ಇಸ್ರೇಲ್‌ನನ್ನು ಕೈಬಿಟ್ಟರು. ಮತ್ತೆ ಅಪ್ಪನ ಹತ್ತಿರ ಬಂದರು. ಈ ಸಲ ಸ್ಕ್ವೈರ್ ಬಗ್ಗಲಿಲ್ಲ. ನನಗೆ ಇದರಲ್ಲಿ ತಪ್ಪು ಕಾಣುತ್ತಿಲ್ಲ, ತಪ್ಪು ಅಂತ ಕಾಣುವವರೆಗೆ ಒಪ್ಪಿಕೊಳ್ಳಲಾರೆ ಅಂದ. 1748ರಲ್ಲಿ ಅವನ ಹೆಸರೂ ಹೋಯಿತು.

ಧಾರವಾಡ_ಪೇಡೆ:
ಗಂಡಸು! ಮಗಳ ಸಲುವಾಗಿ ತಲಿ ತಗ್ಗಿಸಿದಾಂವ ಮಗನ ಸಲುವಾಗಿ ಎದಿ ಸೆಟಿಸಿದ. ಆದ್ರ ಅದೂ ಚುಚ್ಚತದ ನೋಡ್ರಿ. ಮಗಳಿಗೆ ಯಾಕ ಹಂಗ ನಿಲ್ಲಲಿಲ್ಲ?

ಕಡಲತಡಿ:
ಅದಕ್ಕಿಂತ ಮೊದಲು "ಬಹಿಷ್ಕಾರ" ಎಂಬ ಶಬ್ದದ ಮೇಲೆಯೇ ನನ್ನ ತಕರಾರು ಉಂಟು. ನಮ್ಮಲ್ಲಿ ಬಹಿಷ್ಕಾರ ಅಂದರೆ ನೀರು ಬೆಂಕಿ ಇಲ್ಲ, ಕ್ಷೌರದವ ಬರುವುದಿಲ್ಲ, ಹೆಣ ಹೊರಲು ಜನ ಇಲ್ಲ. ಕ್ವೇಕರರದ್ದು ಹಾಗಲ್ಲ. ಸದಸ್ಯತ್ವದಿಂದ ತೆಗೆಯುವುದು, ಅಷ್ಟೇ. ಅವ ಭಾನುವಾರದ ಮೌನ ಪ್ರಾರ್ಥನೆಗೆ ಬಂದು ಕೂರಬಹುದು. ಮಾಸಿಕ ಸಭೆಯ ವ್ಯವಹಾರದಲ್ಲಿ ಮಾತು ಇಲ್ಲ. ಹೆಂಡತಿ ಸಾರಾಳ ಸದಸ್ಯತ್ವವೂ ಹೋಗಲಿಲ್ಲ. ಗಂಡ ಹೊರಗೆ, ಹೆಂಡತಿ ಒಳಗೆ, ಊಟ ಒಂದೇ ಮೇಜಿನಲ್ಲಿ. ತಪ್ಪೊಪ್ಪಿಗೆಯ ಕಾಗದ ಬರೆದುಕೊಟ್ಟರೆ ಯಾವಾಗ ಬೇಕಾದರೂ ಒಳಗೆ. "ಕೈಬಿಟ್ಟರು" ಎನ್ನುವುದೇ ಸರಿ.

ಹಳೇಕಡತ:
ಒಪ್ಪಿದೆ. ನಾನೂ ಒಂದು ಕಡೆ ಕೈಬಿಟ್ಟರು ಅಂತಲೇ ಬರೆದಿದ್ದೇನೆ, ಗೊತ್ತಿಲ್ಲದೇ.

ಬರ್ಕ್ಸ್_ಕನ್ನಡತಿ:
ಹಾಗಾದ್ರೆ 1750ರಲ್ಲಿ ಇಡೀ ಸಂಸಾರ ನಾರ್ತ್ ಕೆರೊಲಿನಾದ ಯಾಡ್ಕಿನ್ ಕಣಿವೆಗೆ ಹೋಗಿದ್ದು ಈ ಅವಮಾನಕ್ಕಾ? ಇಲ್ಲಿ ಎಲ್ಲರೂ ಹಾಗೇ ಹೇಳೋದು.

ಹಳೇಕಡತ:
ಅದೊಂದೇ ಅಂತ ನನಗನ್ನಿಸೋದಿಲ್ಲ. ಸ್ಕ್ವೈರ್‌ಗೆ ಓಲಿಯಲ್ಲಿದ್ದದ್ದು 1730ರಲ್ಲಿ ಕೊಂಡ 250 ಎಕರೆ, ಮಕ್ಕಳು 11. ಇಪ್ಪತ್ತು ವರ್ಷ ಉತ್ತ ಹೊಲ. ಪಾಲು ಮಾಡಿದರೆ ಒಬ್ಬೊಬ್ಬರಿಗೆ ಎಷ್ಟು ಬರುತ್ತೆ ನೀವೇ ಭಾಗಿಸಿ. ಯಾಡ್ಕಿನ್‌ನಲ್ಲಿ ಜಮೀನು ಅಗ್ಗ. ಆ ಹೊತ್ತಿಗೆ ಪೆನ್ಸಿಲ್ವೇನಿಯಾದಿಂದ ದಕ್ಷಿಣಕ್ಕೆ ಸಾಲುಗಟ್ಟಿ ಗಾಡಿಗಳು ಹೋಗುತ್ತಿದ್ದವು, ಕ್ವೇಕರ್‌ಗಳೂ ಅಲ್ಲದವರೂ. ಮನಸ್ತಾಪ ಇದ್ದದ್ದು ಹೊರಡೋಕೆ ಧೈರ್ಯ ಕೊಟ್ಟಿರಬಹುದು. ಆದರೆ ಸಾಲು ಸಾಲು ಗಾಡಿ ಹೂಡಿದ್ದು ಮನಸ್ತಾಪ ಅಲ್ಲ.

ಒಂದು ಸಣ್ಣ ಸಂಗತಿ, ಅಪ್ಪನವರಿಗೆ ಇಷ್ಟವಾಗುತ್ತೆ. ಊರು ಬಿಡುವಾಗ ಸ್ಕ್ವೈರ್‌ನಿಂದ ಆ ಜಮೀನು ಕೊಂಡದ್ದು ವಿಲಿಯಂ ಮಾಗ್ರಿಜ್, ಅಜ್ಜಿ ಮೇರಿಯ ತವರಿನ ನಂಟ. ಫಿಲಡೆಲ್ಫಿಯಾದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಕಟ್ಟಿದ್ದ ಜುಂಟೊ ಅನ್ನೋ ಗೆಳೆಯರ ಕೂಟದಲ್ಲಿದ್ದ ಬಡಗಿ. ಕ್ರಯಪತ್ರ ಹುಡುಕುವಾಗ ಬರ್ಕ್ಸ್ ಕೌಂಟಿಯಲ್ಲಿ ಹುಡುಕಿ ಸಿಗಲಿಲ್ಲ ಅಂತ ಬೇಜಾರಾಗಬೇಡಿ. ಬರ್ಕ್ಸ್ ಕೌಂಟಿ ಹುಟ್ಟಿದ್ದೇ 1752ರಲ್ಲಿ. ಅದಕ್ಕೂ ಹಿಂದಿನದೆಲ್ಲ ಫಿಲಡೆಲ್ಫಿಯಾ ಕೌಂಟಿಯ ಲೆಕ್ಕಕ್ಕೆ.

ಬರ್ಕ್ಸ್_ಕನ್ನಡತಿ:
ಇದನ್ನ ಓದಿ ಅಪ್ಪ ಎದ್ದು ಕೂತರು. "ನಮ್ಮಲ್ಲೂ ತಾಲ್ಲೂಕು ಒಡೆದ ಮೇಲೆ ಜನ ಹಳೇ ಪತ್ರಕ್ಕೆ ಹೊಸ ಆಫೀಸಲ್ಲಿ ಕ್ಯೂ ನಿಲ್ತಿದ್ದರು" ಅಂತ.

ಕಡಲತಡಿ:
ಎಲ್ಲರೂ 400 ಎಕರೆ, 250 ಎಕರೆ ಅಂತ ಲೆಕ್ಕ ಹಾಕುತ್ತಿದ್ದೀರಿ. ಆ ಎಕರೆ ಯಾರದ್ದಾಗಿತ್ತು? ಅಲ್ಲಿನ ಮೂಲನಿವಾಸಿಗಳಾದ ಲೆನಾಪಿ ಜನರದ್ದು. ಪೆನ್ ಖರೀದಿ ಮಾಡಿ ತೆಗೆದುಕೊಂಡ ಎಂಬ ಹೆಸರು ಉಂಟು, ಸರಿ. ಅವ ಸತ್ತದ್ದು 1718ರಲ್ಲಿ. ಆಮೇಲೆ ಏನಾಯಿತು? 1728ರಲ್ಲಿ ಲೆನಾಪಿ ಮುಖಂಡ ಸಸೂನನ್, ಪಕ್ಕದ ತುಲ್ಪೆಹಾಕನ್ ಭೂಮಿಯನ್ನು ನಾವು ಮಾರಲೇ ಇಲ್ಲ, ನಿಮ್ಮವರು ಬಂದು ಕೂತಿದ್ದಾರೆ ಎಂದು ದೂರಿದ. ಕ್ರಯ ಆದದ್ದು 1732ರಲ್ಲಿ. ಮೊದಲು ಒಕ್ಕಲು, ಆಮೇಲೆ ಕಾಗದ. 1737ರಲ್ಲಿ ಪೆನ್‌ನ ಮಕ್ಕಳು ಮಾಡಿದ ನಡಿಗೆಯ ಖರೀದಿ ಅಂತೂ ಹಗಲು ದರೋಡೆ. ಒಬ್ಬ ಮನುಷ್ಯ ಒಂದೂವರೆ ದಿನದಲ್ಲಿ ನಡೆಯುವಷ್ಟು ಭೂಮಿ ಎಂದು ಒಪ್ಪಂದ, ಇವರು ಮೊದಲೇ ಕಾಡಿನಲ್ಲಿ ದಾರಿ ಕಡಿಸಿ, ಓಟಗಾರರನ್ನು ಬಿಟ್ಟರು.

ಇನ್ನೊಂದು. ಮಗ ಹೊರಗಿನ ಹುಡುಗಿಯನ್ನು ಕಟ್ಟಿಕೊಂಡದ್ದಕ್ಕೆ ಅಪ್ಪನನ್ನು ತೆಗೆದ ಆ 1748ರಲ್ಲಿ, ಗುಲಾಮರನ್ನು ಇಟ್ಟುಕೊಂಡ ಕ್ವೇಕರರು ಫಿಲಡೆಲ್ಫಿಯಾದಲ್ಲಿ ಆರಾಮವಾಗಿ ಸದಸ್ಯರಾಗಿದ್ದರು. ಪಕ್ಕದ ಜರ್ಮನ್‌ಟೌನ್‌ನ ಕ್ವೇಕರರು 1688ರಲ್ಲೇ ಇದು ತಪ್ಪು ಎಂದು ಬರೆದುಕೊಟ್ಟರೂ, ಗುಲಾಮರನ್ನು ಕೊಳ್ಳುವ ಮಾರುವವರ ಮೇಲೆ ವಾರ್ಷಿಕ ಸಭೆ ಕ್ರಮಕ್ಕೆ ಇಳಿದದ್ದು 1758ರಲ್ಲಿ. ಇಟ್ಟುಕೊಂಡವರನ್ನೇ ಹೊರಗೆ ಹಾಕುವ ನಿರ್ಧಾರ 1776ಕ್ಕೆ.

ಧಾರವಾಡ_ಪೇಡೆ:
ಖರೇ ಮಾತು. ಮತ್ತ ಡೇನಿಯಲ್ ಬೂನ್ ಹತ್ರನೂ ಗುಲಾಮರಿದ್ರಲ್ರೀ? ಕೆಂಟಕಿಯೊಳಗ 1787ರ ಲೆಕ್ಕದಾಗ ಏಳು ಮಂದಿ ಅಂತ ಓದೀನಿ.

ಕಡಲತಡಿ:
ಹೌದು, ಏಳು. ಅಜ್ಜನ ಮೀಟಿಂಗ್ ಒಳಗೇ ಉಳಿದಿದ್ದರೆ ಅದಕ್ಕೂ ಹನ್ನೊಂದು ವರ್ಷ ಮೊದಲೇ ಅವನ ಹೆಸರು ಹೊಡೆಯುತ್ತಿದ್ದರು.

ನೂಲೆಳೆ:
ಈ ಮನೆತನದ ಬಗ್ಗೆ ನಮಗೆ ಇಷ್ಟು ಗೊತ್ತಾಗಲು ಕಾರಣವೇ ಅವರ ತಪ್ಪುಗಳು ಅನ್ನಿಸುತ್ತಿದೆ. ಜಾರ್ಜ್ ಆತುರಪಟ್ಟ, ಒಂದು ಪ್ಯಾರಾ. ಸಾರಾ ಎಡವಿದಳು, ಒಂದು ಪುಟ. ಸ್ಕ್ವೈರ್ ಹಟ ಹಿಡಿದ, ತಿಂಗಳುಗಟ್ಟಲೆ ನಡಾವಳಿ. ಹೇಳಿದಂತೆ ಕೇಳಿಕೊಂಡು ಬದುಕಿದ ಮಕ್ಕಳ ಬಗ್ಗೆ ಹುಟ್ಟು ಸಾವು ಬಿಟ್ಟು ಏನಿದೆ?

ಹಳೇಕಡತ:
ನಾನು ಇಷ್ಟು ವರ್ಷ ಈ ಕಡತ ಓದಿದ್ದು ದಂಡ, ಈ ಮಾತು ನನಗೆ ಹೊಳೆದಿರಲಿಲ್ಲ. ಇನ್ನೊಂದು ಉದಾಹರಣೆ ಕೊಡ್ತೀನಿ, ಕೇಳಿ. ಡೇನಿಯಲ್‌ನ ಚಿಕ್ಕಪ್ಪ ಜೇಮ್ಸ್‌ನ ಮಗಳು ಆನ್. 1760ರ ಜುಲೈಯಲ್ಲಿ (ಇದು ನಿಜವಾದ ಜುಲೈ, 1752 ದಾಟಿದೆ) ಅವಳೂ ಮೀಟಿಂಗ್ ಹೊರಗೆ ಮದುವೆಯಾಗಿ, ಆಮೇಲೆ ತಪ್ಪೊಪ್ಪಿಗೆ ಬರೆದುಕೊಟ್ಟಳು. ಗಂಡನ ಹೆಸರು ಏಬ್ರಹಾಂ ಲಿಂಕನ್.

ಸುಮ್ನೆ_ಓದುಗ:
ಏನು???

ಹಳೇಕಡತ:
ತಡೀರಿ, ಅಧ್ಯಕ್ಷನಲ್ಲ. ಅಧ್ಯಕ್ಷನ ಮುತ್ತಜ್ಜ ಜಾನ್ ಲಿಂಕನ್‌ನ ಮಲತಮ್ಮ. ಲಿಂಕನ್ ಮನೆತನವೂ ಅದೇ ಕಣಿವೆಯಲ್ಲಿ ಬೂನ್‌ಗಳ ನೆರೆಹೊರೆ. ಅಧ್ಯಕ್ಷ ಲಿಂಕನ್ 1859ರಲ್ಲಿ ತನ್ನ ಬಗ್ಗೆ ಬರೆದುಕೊಟ್ಟ ಚಿಕ್ಕ ಟಿಪ್ಪಣಿಯಲ್ಲಿ, ನಮ್ಮ ಪೂರ್ವಜರು ಕ್ವೇಕರ್‌ಗಳು, ಪೆನ್ಸಿಲ್ವೇನಿಯಾದ ಬರ್ಕ್ಸ್ ಕೌಂಟಿಯಿಂದ ವರ್ಜೀನಿಯಾಕ್ಕೆ ಹೋದವರು ಅಂತ ಬರೆದಿದ್ದಾನೆ. ಈಗ ಆನ್‌ಳ ತಪ್ಪೊಪ್ಪಿಗೆ ನೋಡಿ. ಲಿಂಕನ್ ಕ್ವೇಕರ್ ಆಗಿದ್ದರೆ ಅವನನ್ನು ಕಟ್ಟಿಕೊಂಡದ್ದು ತಪ್ಪು ಹೇಗಾಗುತ್ತಿತ್ತು? ಊರೆಲ್ಲ ಕ್ವೇಕರ್ ನಂಟರು, ಅವರಲ್ಲೇ ಹೆಣ್ಣು ತಂದಿದ್ದಾರೆ, ಮೊಮ್ಮಕ್ಕಳ ಕಾಲಕ್ಕೆ ನಾವೂ ಕ್ವೇಕರ್‌ಗಳೇ ಅನ್ನೋ ನೆನಪಾಗಿ ಉಳಿದಿದೆ ಅಂತ ನನ್ನ ಊಹೆ.

ಸುಮ್ನೆ_ಓದುಗ:
ಬೆಳಗ್ಗೆ ಟೈಂಪಾಸ್‌ಗೆ ತೆಗೆದಿದ್ದೆ, ಆಫೀಸ್ ಕ್ಯಾಬ್ ಮಿಸ್ ಆಯ್ತು. ಕೊನೆಗೆ ಅಜ್ಜ ಏನಾದ?

ಹಳೇಕಡತ:
1744ರ ಜುಲೈಯಲ್ಲಿ ತೀರಿಕೊಂಡ, 78 ವರ್ಷ. ಮೊಮ್ಮಗನೊಬ್ಬ, ಅವನ ಹೆಸರೂ ಜೇಮ್ಸ್, 1788ರಲ್ಲಿ ವಂಶಾವಳಿ ಬರೆದಿಟ್ಟಿದ್ದಾನೆ. ಅಜ್ಜ ಸಾಯುವಾಗ ಬದುಕಿದ್ದವರು 8 ಮಕ್ಕಳು, 52 ಮೊಮ್ಮಕ್ಕಳು, 10 ಮರಿಮಕ್ಕಳು, ಒಟ್ಟು 70. ಈಜಿಪ್ಟಿಗೆ ಹೋದ ಯಾಕೋಬನ ಮನೆಯವರು ಎಷ್ಟೋ ಅಷ್ಟೇ ಜನ ಅಂತ ಹೆಮ್ಮೆಯಿಂದ ಕೂಡಿಸಿದ್ದಾನೆ. ಬೈಬಲ್ ಬಾಯಿಪಾಠ ಇದ್ದ ಮನೆಯ ಲೆಕ್ಕ ಅದು.

ಬರ್ಕ್ಸ್_ಕನ್ನಡತಿ:
ಈ ಶನಿವಾರ ಅಪ್ಪನ್ನ ಕರಕೊಂಡು ಎಕ್ಸೆಟರ್ ಮೀಟಿಂಗ್ ಹೌಸ್‌ಗೆ ಹೋಗಿ ಬಂದೆ. ತಮ್ಮ ಹಳೇ ಸೀಮೆಯ ಹೆಸರನ್ನೇ ಇಲ್ಲಿಗೂ ತಂದಿದ್ದಾರೆ. ಈಗಿರೋ ಕಲ್ಲಿನ ಕಟ್ಟಡ 1759ರದ್ದು, ಅಂದ್ರೆ ಸ್ಕ್ವೈರ್ ಹೊರಟುಹೋದ ಮೇಲಿನದು. ಪಕ್ಕದಲ್ಲೇ ಕಲ್ಲಿನ ಗೋಡೆ ಹಾಕಿದ ಸ್ಮಶಾನ. ಜಾರ್ಜ್, ಮೇರಿ ಮಣ್ಣಾದದ್ದು ಅಲ್ಲೇ ಅಂತ ಹೇಳ್ತಾರೆ. ಹುಡುಕಿದ್ದೇ ಹುಡುಕಿದ್ದು, ಹೆಸರಿನ ಕಲ್ಲೇ ಇಲ್ಲ. ಹುಲ್ಲು ಬೆಳೆದಿದೆ.

ಹಳೇಕಡತ:
ಸಿಗೋದಿಲ್ಲ. ಸತ್ತ ಮೇಲೂ ಹೆಚ್ಚು ಕಡಿಮೆ ಇರಬಾರದು ಅಂತ ಆ ಕಾಲದ ಕ್ವೇಕರ್‌ಗಳು ಹೆಸರಿನ ಕಲ್ಲು ನಿಲ್ಲಿಸುತ್ತಿರಲಿಲ್ಲ. ಸ್ಕ್ವೈರ್‌ಗೆ ಇದೆ ನೋಡಿ. ನಾರ್ತ್ ಕೆರೊಲಿನಾದ ಮಾಕ್ಸ್‌ವಿಲ್ ಊರಿನ ಜೋಪಾ ಸ್ಮಶಾನದಲ್ಲಿ, 1765ರ ಜನವರಿ 2 ಅಂತ ಕೆತ್ತಿದ ಕಲ್ಲು. ಜನವರಿಯ ಕಾಗುಣಿತವೇ ತಪ್ಪಿದೆ.

ಬರ್ಕ್ಸ್_ಕನ್ನಡತಿ:
ಅಂದ್ರೆ ಕಲ್ಲಿನ ಮೇಲೆ ತಿಂಗಳಿಗೆ ಹೆಸರೂ ಬಂತು! ಮೀಟಿಂಗ್ ಒಳಗಿದ್ದಿದ್ರೆ "ಒಂದನೇ ತಿಂಗಳು" ಅಂತಿದ್ರು. ಅಪ್ಪನಿಗೆ ಹೇಳಿದೆ. ಕಲ್ಲಿನ ಫೋಟೋ ಬೇಕಂತೆ. ಏಳು ಗಂಟೆ ಡ್ರೈವ್, ಬೇಸಿಗೆ ರಜೆಗೆ ನೋಡೋಣ ಅಂದಿದೀನಿ.

ತಿದ್ದುಪಡಿ: ನನ್ನ ಮೊದಲ ಪೋಸ್ಟಿನಲ್ಲಿ ಜುಲೈ 23 ಅಂತ ಇರೋದನ್ನ ಸೆಪ್ಟೆಂಬರ್ 23 ಅಂತ ಓದಿಕೊಳ್ಳಿ. ಅಳಿಸೋಣ ಅಂತಿದ್ದೆ, ಅಪ್ಪ ಬೇಡ ಅಂದರು. ದಾಖಲೆಯಲ್ಲಿ ಹೊಡೆದುಹಾಕಬಾರದಂತೆ, ಪಕ್ಕದಲ್ಲಿ ಷರಾ ಬರೆಯಬೇಕಂತೆ.